ಎಲೆ ಹಾಕುವ ಮಗಳು, ಲೆಕ್ಕ ಬರೆಯುವ ಅಪ್ಪ

ಸೋಮವಾರ ಬೆಳಿಗ್ಗೆ ಹತ್ತೂವರೆ ಸುಮಾರಿಗೆ ಪಣಜಿ ಬಸ್ಸು ಬೆಳಗಾವಿ ನಿಲ್ದಾಣಕ್ಕೆ ಬಂದು ನಿಂತಾಗ ಇಳಿಯುವವರಲ್ಲಿ ಎರಡು ಜಾತಿ. ಒಂದು, ಶನಿವಾರ ಗುಂಪು ಕಟ್ಟಿಕೊಂಡು ಗದ್ದಲ ಮಾಡುತ್ತ ಹೋದವರು. ಬರುವಾಗ ಗುಂಪು ಇರುವುದಿಲ್ಲ. ಒಬ್ಬೊಬ್ಬರೇ ಕಿಟಕಿಗೆ ತಲೆ ಆನಿಸಿ ಕೂತಿರುತ್ತಾರೆ. ಚೋರ್ಲಾ ಘಾಟಿನ ತಗ್ಗುಗಳಿಗೂ ಅವರಿಗೆ ಎಚ್ಚರವಾಗುವುದಿಲ್ಲ. ಚಹಾಕ್ಕೆಂದು ಬಸ್ಸು ನಿಂತರೆ ಇಳಿಯುವುದಿಲ್ಲ. ಟಿಕೀಟಿನ ರೊಕ್ಕ ಉಳಿದದ್ದೇ ಪುಣ್ಯ.

ಇನ್ನೊಂದು, ಅಲ್ಲಿ ದುಡಿಯುವವರು. ಅವರ ಪೈಕಿ 34 ವರ್ಷದ ಒಬ್ಬ ಹೆಣ್ಣುಮಗಳಿದ್ದಾಳೆ. ಕೈಯಲ್ಲಿ ಒಂದು ಬಟ್ಟೆಚೀಲ, ಒಂದು ಖಾಲಿ ಡಬ್ಬಿ. ಕಂಡಕ್ಟರು ಆಕೆಯನ್ನು ನರ್ಸಬಾಯಿ ಎಂದೇ ತಿಳಿದಿದ್ದಾನೆ. ಆಕೆ ತಿದ್ದಲು ಹೋಗಿಲ್ಲ. ವಡಗಾವಿಯ ಓಣಿಯವರಿಗೆ ಆಕೆ 'ಗೋವಾದ ಹೋಟೇಲಿನ್ಯಾಗ' ಕೆಲಸ ಮಾಡುವಾಕೆ. ಅದು ಪೂರ್ತಿ ಸುಳ್ಳಲ್ಲ. ಆಕೆ ದುಡಿಯುವ ಜಾಗದಲ್ಲಿ ಊಟವೂ ಸಿಗುತ್ತದೆ.

ಆಕೆ ಮಾಂಡೋವಿ ನದಿಯ ಮೇಲೆ ತೇಲುವ ಒಂದು ಕ್ಯಾಸಿನೋ ಹಡಗಿನಲ್ಲಿ ಎಲೆ ಹಾಕುತ್ತಾಳೆ. ಅಲ್ಲಿ ಅದಕ್ಕೆ ಡೀಲರ್ ಎನ್ನುತ್ತಾರೆ. ನಮ್ಮ ಕಡೆ ಡೀಲರ್ ಎಂದರೆ ಗೊಬ್ಬರದ ಅಂಗಡಿಯವರು, ಇದು ಬೇರೆ. ಇಸ್ಪೀಟು ಎಲೆಗಳನ್ನು ಹಂಚಿ, ಸೋತವರ ಬಿಲ್ಲೆ ಎಳೆದುಕೊಂಡು, ಗೆದ್ದವರ ಮುಂದೆ ಬಿಲ್ಲೆ ಇಡುವ ನೌಕರಿ.

ಬಸ್ ನಿಲ್ದಾಣದಿಂದ ರವಿವಾರ ಪೇಟೆ ದೂರವೇನಲ್ಲ. ಅಲ್ಲಿಯ ಒಂದು ಸಗಟು ಕಾಳಿನ ಅಂಗಡಿಯಲ್ಲಿ, ಗಾದಿಯ ಪಕ್ಕದ ಸಣ್ಣ ಮೇಜಿನ ಹಿಂದೆ 67 ವರ್ಷದ ಒಬ್ಬರು ಕೂತು ಕೀರ್ದಿ-ಖಾತೆ ಬರೆಯುತ್ತಾರೆ. ಅವರು ಈಕೆಯ ಅಪ್ಪ. ಇಬ್ಬರೂ ಒಬ್ಬರೊಡನೊಬ್ಬರು ಎಂಟು ವರ್ಷ ಮಾತಾಡಿರಲಿಲ್ಲ.

ಹೆಸರು ಬೇಡ. ಒಮ್ಮೆ ಪೇಪರಿನಲ್ಲಿ ಹೆಸರು ಬಂದದ್ದೇ ಆ ಮನೆಗೆ ಸಾಕಾಗಿದೆ.

ನಾಲ್ಕು ಸಾಲಿನ ಸುದ್ದಿ

ಬೈಲಹೊಂಗಲದ ಬಜಾರದಲ್ಲಿ ಎರಡು ಮೆಟ್ಟಿಲಿನ ಕಿರಾಣಿ ಅಂಗಡಿ. ಅಜ್ಜನ ಕಾಲದ್ದು. ಬೆಲ್ಲ, ಕಾಳು, ಒಣಮೆಣಸಿನಕಾಯಿ, ಶೇಂಗಾ ಎಣ್ಣೆ. ಶಾಲೆ ಬಿಟ್ಟ ಮೇಲೆ ಹಿರಿಯ ಮಗಳು ಆ ಮೆಟ್ಟಿಲ ಮೇಲೆ ಕೂಡುತ್ತಿದ್ದಳು. ಗಿರಾಕಿ ಇಲ್ಲದಾಗ ಅಪ್ಪ ಮಗ್ಗಿ ಕೇಳುತ್ತಿದ್ದರು. ಹತ್ತರವರೆಗಿನದು ಎಲ್ಲರಿಗೂ ಬರುತ್ತದೆ; ಅವರ ಹಟ ಅದರ ಮೇಲಿನದಕ್ಕೆ. 'ಹದಿನೇಳರ ಮಗ್ಗಿ ಬರ್ಲಿಲ್ಲಂದ್ರ ಯಾಪಾರದಾಗ ಮೋಸ ಹೋಗ್ತಿ ನೋಡು' ಎನ್ನುತ್ತಿದ್ದರು. ತಪ್ಪಿದರೆ ಮೊದಲಿಂದ. ಪೂರ್ತಿ ಹೇಳಿದರೆ ಬರಣಿಯಿಂದ ಒಂದು ಪೆಪ್ಪರಮಿಂಟು.

ಮೋಸ ಹೋದದ್ದು ಮಗಳಲ್ಲ.

ದೀಪಾವಳಿಯ ಪಾಡ್ಯಕ್ಕೆ ನಾಲ್ಕು ಎಲೆ ಹಾಕುವುದು ಬಜಾರದ ಪದ್ಧತಿ. ಅದರಿಂದ ಯಾರೂ ಹಾಳಾಗಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಇವರಿಗೆ ಆ ಪಾಡ್ಯ ಮುಗಿಯಲೇ ಇಲ್ಲ. ಮೊದಮೊದಲು ಅಂಗಡಿಯ ಹಿಂದಿನ ಕೋಣೆ, ಆಮೇಲೆ ಊರ ಹೊರಗಿನ ಹೊಲದ ಶೆಡ್ಡು. ಹಗಲು ಲಾಟರಿ ಅಂಗಡಿ, ರಾತ್ರಿ ಅಂದರ್ ಬಾಹರ್. 2004ರಲ್ಲಿ ಒಂದು ರಾತ್ರಿ ಆ ಶೆಡ್ಡಿನ ಮೇಲೆ ದಾಳಿಯಾಯಿತು. ಏಳು ಜನ ಸಿಕ್ಕರು. ದಂಡ ಕಟ್ಟಿ ಹೊರಗೆ ಬಂದರು. ಇಂಥ ಸುದ್ದಿ ಸಂಜೆ ಪತ್ರಿಕೆಯಲ್ಲಿ ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ. ಓದುವವರು ಚಹಾ ಆರುವುದರೊಳಗೆ ಮರೆಯುತ್ತಾರೆ. ಆ ಏಳು ಹೆಸರುಗಳಲ್ಲಿ ಮೂರನೆಯದು ತನ್ನ ಅಪ್ಪನದೆಂದು ಎಂಟನೆಯ ಈಯತ್ತೆಯ ಹುಡುಗಿಗೆ ತೋರಿಸಿದವರು ಪಕ್ಕದ ಬೆಂಚಿನ ಹುಡುಗಿಯರು.

2006ರಲ್ಲಿ ಅಂಗಡಿ ಹೋಯಿತು. ಕೊಂಡವರು ಬರಣಿ, ತಕ್ಕಡಿ ಸಮೇತ ಕೊಂಡರು. ಅಪ್ಪ ಮನೆ ಬಿಟ್ಟು ಬೆಳಗಾವಿಗೆ ಬಂದರು. ಬಿಟ್ಟರು ಎನ್ನುವುದಕ್ಕಿಂತ ಹೆಂಡತಿ ಹೊರಗೆ ಹಾಕಿದಳು ಎನ್ನುವುದು ಸರಿ. ಒಂದು ವರ್ಷದ ಮೇಲೆ ಆಕೆಯೂ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಇದೇ ಊರಿಗೆ ಬಂದಳು. ಗಂಡನ ಹಿಂದೆ ಅಲ್ಲ, ಕೆಲಸದ ಹಿಂದೆ. ವಡಗಾವಿಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದು, ಮಗ್ಗದ ಸೀರೆಗಳಿಗೆ ಗೊಂಡೆ ಕಟ್ಟಿ ಮಕ್ಕಳನ್ನು ಓದಿಸಿದಳು.

2007ರ ಏಪ್ರಿಲ್‌ನಲ್ಲಿ ರಾಜ್ಯ ಸರಕಾರ ಲಾಟರಿಯನ್ನು ನಿಷೇಧಿಸಿತು. ಎಲೆ ಬಿಡಿಸಲು ಸರಕಾರ ಸಾಲಲಿಲ್ಲ, ರವಿವಾರ ಪೇಟೆಯ ಮಾಲಕರು ಬೇಕಾದರು. 'ಒಂದ ಎಲಿ ಮುಟ್ಟಿದ್ದು ಗೊತ್ತಾದ್ರ ಅವತ್ತ ಲೆಕ್ಕಾ ಚುಕ್ತಾ' ಎಂಬ ಕರಾರಿನ ಮೇಲೆ 2009ರಲ್ಲಿ ಕೆಲಸ ಕೊಟ್ಟರು. ಅಂದಿನಿಂದ ಮುಟ್ಟಿಲ್ಲ. ಸ್ವಂತ ಖಾತೆ ಮುಳುಗಿಸಿದವರು ಇನ್ನೊಬ್ಬರ ಖಾತೆಯಲ್ಲಿ ಇದುವರೆಗೆ ಒಂದು ಪೈಸೆ ತಪ್ಪಿಸಿಲ್ಲ ಎಂದು ಮಾಲಕರೇ ಹೇಳುತ್ತಾರೆ.

ಆ ವರ್ಷಗಳಲ್ಲಿ ಯುಗಾದಿ, ದೀಪಾವಳಿಗೆ ಅಪ್ಪ ವಡಗಾವಿಗೆ ಹೋಗುತ್ತಿದ್ದರು. ಒಳಗಲ್ಲ, ಕಟ್ಟೆಯ ತನಕ. ಮಕ್ಕಳ ಬಟ್ಟೆಗೆಂದು ರೊಕ್ಕ ಇಟ್ಟು ಎದ್ದು ಬರುತ್ತಿದ್ದರು. ಮಕ್ಕಳು ನೀರು ತಂದು ಕೊಡುತ್ತಿದ್ದರು. ಎಳೆ ಇತ್ತು.

ಅದೇ ಮಗ್ಗಿ

ಹಿರಿಯ ಮಗಳು ಬಿ.ಕಾಂ. ಮಾಡಿ ಎರಡು ವರ್ಷ ಒಂದು ಗೋದಾಮಿನ ಲೆಕ್ಕ ಬರೆದಳು. 2014ರಲ್ಲಿ ಗೋವಾದ ಕೆಲಸದ ಸುದ್ದಿ ಗೆಳತಿಯ ಮೂಲಕ ಬಂತು. ಸಂಬಳ ಇಲ್ಲಿಯದರ ಎರಡು ಪಟ್ಟು. ಉಳಿಯಲು ಕೋಣೆ, ಪಿ.ಎಫ್. ಎಲ್ಲ ಇದೆ. ಬೇಕಾದದ್ದು ಎರಡೇ: ಕೈ ಚುರುಕಿರಬೇಕು, ಬಾಯಿಲೆಕ್ಕ ಬರಬೇಕು.

ತರಬೇತಿಯ ಮೊದಲ ವಾರ ಮಾಸ್ತರು ಒಂದು ಹಾಳೆ ಹಂಚಿ ಇದನ್ನು ಬಾಯಿಪಾಠ ಮಾಡಿ ಎಂದರಂತೆ. ನೋಡಿದರೆ ಹದಿನೇಳರ ಮಗ್ಗಿ! ರೂಲೆಟ್ ಎಂಬ ತಿರುಗುವ ಚಕ್ರದ ಆಟದಲ್ಲಿ ಎರಡು ಅಂಕಿಗಳ ನಡುವಿನ ಗೆರೆಯ ಮೇಲೆ ಬಿಲ್ಲೆ ಇಟ್ಟು ಗೆದ್ದವನಿಗೆ 17 ಪಟ್ಟು, ಒಂದೇ ಅಂಕಿಯ ಮೇಲೆ ಇಟ್ಟವನಿಗೆ 35 ಪಟ್ಟು. ಗೆರೆಯ ಮೇಲೆ 13 ಬಿಲ್ಲೆ ಇದ್ದರೆ 221 ಎಂದು ಡೀಲರಿನ ಬಾಯಿಗೆ ತಡೆಯದೆ ಬರಬೇಕು. ಉಳಿದವರು ರಾತ್ರಿಯಿಡೀ ಗಟ್ಟು ಹೊಡೆದರು. ಬೈಲಹೊಂಗಲದ ಹುಡುಗಿಗೆ ಕಲಿಯುವುದೇ ಇರಲಿಲ್ಲ.

'ನಮ್ಮಪ್ಪ ಕಲಿಸಿದ್ದು ಅಂತ ಯಾರ ಮುಂದ ಹೇಳ್ಲಿ' ಎನ್ನುತ್ತಾಳೆ.

ಆ ನೌಕರಿಯ ರೀತಿ ನೀತಿ ಇಲ್ಲಿಯ ಅಂಗಡಿಕಾರರು ಕೇಳಬೇಕಾದದ್ದು. ಸಮವಸ್ತ್ರಕ್ಕೆ ಜೇಬು ಇಲ್ಲ. ಗಿರಾಕಿಯ ಕೈಯಿಂದ ನೇರವಾಗಿ ರೊಕ್ಕ ತೆಗೆದುಕೊಳ್ಳುವ ಹಾಗಿಲ್ಲ. ಅವನು ಮೇಜಿನ ಮೇಲೆ ಇಡಬೇಕು, ಈಕೆ ನೋಟುಗಳನ್ನು ತಲೆಯ ಮೇಲಿನ ಕ್ಯಾಮರಾಕ್ಕೆ ಕಾಣುವಂತೆ ಬೀಸಣಿಗೆಯ ಹಾಗೆ ಹರಡಬೇಕು. ಮೇಜು ಬಿಟ್ಟು ಏಳುವಾಗ ಚಪ್ಪಾಳೆ ತಟ್ಟಿ ಎರಡೂ ಅಂಗೈ ಮೇಲೆ ಮಾಡಿ ತೋರಿಸಬೇಕು. ಸಂಬಂಧಿಕರು ಬಂದು ಕೂತರೆ ಮೇಲಿನವರಿಗೆ ಹೇಳಿ ಎದ್ದು ಹೋಗಬೇಕು. ಎಲ್ಲಕ್ಕಿಂತ ದೊಡ್ಡ ನಿಯಮ ಇನ್ನೊಂದಿದೆ. ಎದುರಿಗಿನವನು ಮುಳುಗುತ್ತಿದ್ದಾನೆಂದು ಕಣ್ಣಿಗೆ ಕಂಡರೂ 'ಸಾಕು ಮಾಡ್ರಿ' ಎನ್ನುವಂತಿಲ್ಲ.

ಅಲ್ಲಿ ಹೆಚ್ಚು ಜನ ಸೇರುವ ಮೇಜುಗಳಲ್ಲಿ ಒಂದು ಯಾವುದೆಂದು ಬೇರೆ ಹೇಳಬೇಕೆ? ಅದೇ ಅಂದರ್ ಬಾಹರ್.

ಘಾಟಿನ ಈಚೆ ಗುನ್ನೆ, ಆಚೆ ಧಂದೆ

ಆಟ ಗೊತ್ತಿಲ್ಲದ ಪುಣ್ಯವಂತರಿಗೆ ಎರಡು ಮಾತು. ನಡುವೆ ಒಂದು ಎಲೆ ತೆರೆದಿಡುತ್ತಾರೆ. ಆಮೇಲೆ ಒಂದೆಲೆ ಈ ಕಡೆ, ಒಂದೆಲೆ ಆ ಕಡೆ. ನಡುವಿನ ಎಲೆಯ ಜೋಡಿ ಯಾವ ಕಡೆ ಬಿತ್ತೋ ಆ ಕಡೆ ಗೆದ್ದಿತು. ಬುದ್ಧಿ ಬೇಡ, ಅನುಭವ ಬೇಡ. ಎರಡು ನಿಮಿಷದಲ್ಲಿ ಕಲಿಯಬಹುದು, ಒಂದು ರಾತ್ರಿಯಲ್ಲಿ ಅಂಗಡಿ ಕಳೆಯಬಹುದು.

ಹೊಲದ ಶೆಡ್ಡಿನಲ್ಲಿ ಆಡಿದರೆ 1963ರ ಕರ್ನಾಟಕ ಪೊಲೀಸ್ ಕಾಯಿದೆಯ ಕೆಳಗೆ ಗುನ್ನೆ. ಘಾಟು ಇಳಿದರೆ ಬೇರೆ ಮಾತು. ಗೋವಾದಲ್ಲೂ 1976ರ ಜೂಜು ಕಾಯಿದೆ ಇತ್ತು. 1992ರಲ್ಲಿ ಅದನ್ನು ತಿದ್ದಿ ಪಂಚತಾರಾ ಹೋಟೇಲುಗಳಲ್ಲಿ ಯಂತ್ರದ ಆಟಕ್ಕೆ ಅನುಮತಿ ಕೊಟ್ಟರು. 1996ರಲ್ಲಿ ಮತ್ತೆ ತಿದ್ದಿ ನೀರಿನ ಮೇಲಿನ ಹಡಗುಗಳಲ್ಲಿ ಮೇಜಿನ ಆಟಕ್ಕೂ ಕೊಟ್ಟರು. ಗಮನಿಸಬೇಕಾದ ಸಂಗತಿ ಎಂದರೆ 2020ರ ಫೆಬ್ರುವರಿ 1ರಿಂದ ಗೋವಾದ ಸರಕಾರ ತನ್ನ ಊರ ಜನ ಅಲ್ಲಿ ಹೋಗಿ ಆಡಕೂಡದೆಂದು ತಡೆಯಿತು. ತಮ್ಮ ಮನೆ ಮಕ್ಕಳಿಗೆ ಬೇಡ, ಪರಊರಿನವರು ಬರಲಿ. ಆ ಪರಊರಿನವರು ಎಂದರೆ ಶನಿವಾರದ ಬಸ್ಸಿನಲ್ಲಿ ಗದ್ದಲ ಮಾಡುವ ನಮ್ಮವರೂ ಹೌದು. ದಿಲ್ಲಿಯ ಸರಕಾರವೂ ಕೈ ಚಾಚಿದೆ. 2023ರ ಅಕ್ಟೋಬರಿನಿಂದ ಕ್ಯಾಸಿನೋದ ಬಿಲ್ಲೆಯ ಮೇಲೆ ನೂರಕ್ಕೆ 28 ಜಿ.ಎಸ್.ಟಿ., 2025ರ ಸೆಪ್ಟೆಂಬರಿನಿಂದ 40.

ಹಡಗಿನಲ್ಲಿ ಮೋಸವಿಲ್ಲ ಎಂದು ಮಗಳು ಒತ್ತಿ ಹೇಳುತ್ತಾಳೆ. ಮೋಸದ ಅವಶ್ಯಕತೆಯೇ ಇಲ್ಲ. ಮೊದಲ ಎಲೆ ಬೀಳುವ ಕಡೆಗೆ ನೂರು ಆಟದಲ್ಲಿ 51-52 ಗೆಲುವು. ಆದ್ದರಿಂದ ಆ ಕಡೆ ಗೆದ್ದವನಿಗೆ ನೂರಕ್ಕೆ ನೂರು ಕೊಡುವುದಿಲ್ಲ, 90 ಕೊಡುತ್ತಾರೆ. ಈ ಲೆಕ್ಕ ಹಿಡಿದರೆ ಯಾವ ಕಡೆ ಕಟ್ಟಿದರೂ ನೂರು ರೂಪಾಯಿಗೆ ಸರಾಸರಿ 2ರಿಂದ 3 ರೂಪಾಯಿ ಹಡಗಿನವರದು.

ಇಷ್ಟೇ ಲಾಭವೇ ಎಂದು ಕಿರಾಣಿ ಅಂಗಡಿಕಾರರು ನಗಬಹುದು. ಸಕ್ಕರೆಯಲ್ಲೂ ಇಷ್ಟೇ ಉಳಿಯುತ್ತದೆ. ಆದರೆ ಸಕ್ಕರೆ ಒಮ್ಮೆ ಮಾರಿದರೆ ಮುಗಿಯಿತು, ಗಿರಾಕಿ ಮನೆಗೆ ಒಯ್ಯುತ್ತಾನೆ. ಇಲ್ಲಿ ಒಂದೇ ನೂರು ರೂಪಾಯಿಯನ್ನು ಗಿರಾಕಿ ರಾತ್ರಿಯಿಡೀ ಮತ್ತೆ ಮತ್ತೆ ಮೇಜಿಗೆ ತರುತ್ತಾನೆ. ಪ್ರತಿ ಸಲ ಎರಡು ಮೂರು ರೂಪಾಯಿ ಅಲ್ಲೇ ಉದುರುತ್ತದೆ. 'ಹಡಗಿನವರು ಗೆಲ್ಲೂದು ಗಿರಾಕಿ ಸೋಲೂದರಿಂದ ಅಲ್ಲರೀ, ಅಂವ ಏಳದ ಕುಂತಿರೂದರಿಂದ' ಎಂಬುದು ಹನ್ನೊಂದು ವರ್ಷ ಎಲೆ ಹಾಕಿದವಳ ಮಾತು.

2017ರ ಫೋನು

ಮಗಳ ಕೆಲಸ ಅಪ್ಪನಿಗೆ ಮೂರು ವರ್ಷ ಗೊತ್ತಿರಲಿಲ್ಲ. 2017ರಲ್ಲಿ ಪೇಟೆಯ ಒಬ್ಬ ವ್ಯಾಪಾರಿ ಗೆಳೆಯರ ಕೂಡ ಹಡಗಿಗೆ ಹೋಗಿ ಬಂದ. ಕಳೆದುಕೊಂಡೇ ಬಂದ. ಗಾದಿಯ ಮೇಲೆ ಹತ್ತು ಜನರ ಮುಂದೆ ದಿವಾಣಜಿಗೆ ಹೇಳಿದ: 'ನಿಮ್ಮ ಮಗಳ ಕೈಯಾಗ ನನ್ನ ರೊಕ್ಕಾ ಹೋತ ನೋಡ್ರಿ. ಎಲಿ ಭಾಳ ಚಂದ ಹಾಕ್ತಾಳ. ಅಪ್ಪನ ಕಸಬು.'

ಅಂದು ಸಂಜೆ ಅಪ್ಪ ಫೋನು ಮಾಡಿದರು. ಮಾತು ಇಬ್ಬರಿಗೂ ನೆನಪಿದೆ. ಇಬ್ಬರೂ ಒಂದೇ ರೀತಿ ಹೇಳುತ್ತಾರೆ, ಅದೇ ಆಶ್ಚರ್ಯ.

'ನಾ ಸೋತೆ, ಖರೇ. ಆದ್ರ ಸೋಲೋರ ಜೊತಿಗೆ ಕುಂತಿದ್ದೆ. ನೀ ಕಸಗೊಳ್ಳೋರ ಕಡೆ ನಿಂತೀಯಲ್ಲವಾ. ಸೋತಾವರ ಮನ್ಯಾಗ ಹೆಣ್ಮಕ್ಕಳು ಏನ್ ಉಣ್ತಾರ ನಿನಗಿಂತಾ ಯಾರಿಗಿ ಗೊತ್ತೈತಿ?'

'ಅಂಗಡಿ ಮಾರಿದ ದಿನಾ ಈ ಮಾತ ಎಲ್ಲಿ ಇಟ್ಟಿದ್ರಿ ಅಪ್ಪಾ? ನೀವ ಕಳದದ್ದನ್ನ ನಾ ದುಡದ ತುಂಬಾಕತ್ತೀನಿ. ತಂಗಿ ಲಗ್ನದ ಸಾಲಾ ಯಾರ ತೀರಿಸ್ಯಾರ ಕೇಳ್ರಿ.'

'ಆ ರೊಕ್ಕದ್ದು ಒಂದ ಹನಿ ನೀರೂ ನನಗ ಬ್ಯಾಡ.'

'ಕೊಡಾಕ ಯಾರ ಬಂದಾರ?'

ಅಲ್ಲಿಗೆ ಮುಗಿಯಿತು. ಯುಗಾದಿಗೆ ಅಪ್ಪ ಕಟ್ಟೆಗೆ ಬರಲಿಲ್ಲ. ಯಾರ ಮಾತು ಸರಿ? ಬುದ್ಧಿ ಹೇಳುವವರಿಗೆ ಬೆಳಗಾವಿಯಲ್ಲಿ ಬರವಿಲ್ಲ. ಪೇಟೆಯವರು ಅಪ್ಪನನ್ನು ನೋಡಿ 'ಬೆಕ್ಕು ಕಾಶಿಗೆ ಹೋತು' ಎಂದು ನಕ್ಕರು. ಓಣಿಯವರಿಗೆ ಸುಳಿವು ಸಿಕ್ಕವರು ಮಗಳಿಗೆ ಬಂದ ಎರಡು ಸಂಬಂಧ ಮುರಿದರು. ಆದರೆ ಇಬ್ಬರ ಮಾತಿನಲ್ಲೂ ತೆಗೆದುಹಾಕುವಂಥದ್ದು ಒಂದಕ್ಷರ ಇಲ್ಲ, ತೊಂದರೆ ಇರುವುದೇ ಅಲ್ಲಿ.

ಅಪ್ಪನ ಮಾತು ಮಗಳನ್ನು ನಾಟಿತ್ತು ಎನ್ನುವುದಕ್ಕೆ ಒಂದು ರಾತ್ರಿಯ ಸಂಗತಿ ಸಾಕು. 2019ರ ಮಳೆಗಾಲ. ಮೇಜಿಗೆ ಒಬ್ಬ ವಯಸ್ಸಾದವರು ಬಂದು ಕೂತರು. ಬಿಳಿ ಅಂಗಿ, ಕಿಸೆಯಲ್ಲಿ ಪೆನ್ನು, ಅಂಗಡಿ ಕಳೆ. ಮೇಜಿನ ಮೇಲೆ ಈಕೆ ಆಡುವುದು ಹಿಂದಿ, ಇಂಗ್ಲಿಷು. ತಿಳಿಯುವುದಿಲ್ಲವೆಂದು ಅವರು ಜೊತೆಯವನಿಗೆ ಕನ್ನಡದಲ್ಲಿ ಹೇಳಿದರು: 'ಇದ ಮಾಲಿನ ರೊಕ್ಕ ಐತ್ಲೇ. ನಾಳಿಗಿ ತುಂಬಬೇಕು.' ಈಕೆ ಎಲೆ ಹಾಕಿದಳು. ಎಳೆದುಕೊಂಡಳು. ಮತ್ತೆ ಹಾಕಿದಳು. ಬಿಡುವಿನ ಇಪ್ಪತ್ತು ನಿಮಿಷ ಬಂದಾಗ ಊಟ ಇಳಿಯಲಿಲ್ಲ. ತಲೆನೋವೆಂದು ಹೇಳಿ ಬೇರೆ ಮೇಜು ಕೇಳಿಕೊಂಡಳು. ಆಕೆಯ ಜಾಗಕ್ಕೆ ಬಂದ ಹುಡುಗನ ಕೈಯಲ್ಲಿ ಆ ಮನುಷ್ಯ ಉಳಿದದ್ದನ್ನೂ ಸೋತು ಎದ್ದರು. ಅವರ ಮೇಜಿನಿಂದ ಎದ್ದು ಬಂದದ್ದರಿಂದ ಅವರಿಗೆ ಆದ ಉಪಕಾರವೇನು? ಏನೂ ಇಲ್ಲ. ಅದು ಆಕೆಗೂ ಗೊತ್ತು.

ಸುತಳಿಯ ಗಂಟು

2020ರ ಮಾರ್ಚಿನಲ್ಲಿ ಕೊರೋನಾ ಬಂದು ಕ್ಯಾಸಿನೋಗಳು ಮುಚ್ಚಿದವು. ತೆರೆದದ್ದು ನವೆಂಬರಿನಲ್ಲಿ. ಮಗಳು ವಡಗಾವಿಗೆ ಬಂದು ಕೂತಳು. ಸೀರೆಗಳಿಗೂ ಗಿರಾಕಿ ಇರಲಿಲ್ಲ, ಗೊಂಡೆಯ ಕೆಲಸವೂ ನಿಂತಿತು.

ಮೇ ತಿಂಗಳಲ್ಲಿ ಒಬ್ಬ ಹಮಾಲ ಸೈಕಲ್ಲಿನ ಮೇಲೆ ಎರಡು ಚೀಲ ತಂದು ಕಟ್ಟೆಯ ಮೇಲೆ ಇಟ್ಟ. ಒಂದರಲ್ಲಿ ಜೋಳ, ಇನ್ನೊಂದರಲ್ಲಿ ಅಕ್ಕಿ, ಬೇಳೆ, ಬೆಲ್ಲ. ಯಾರು ಕಳಿಸಿದರೆಂದರೆ ಗೊತ್ತಿಲ್ಲ ಎಂದ. ಹೇಳಬೇಡವೆಂದು ಹೇಳಿದ್ದರು. ಹೇಳುವ ಅಗತ್ಯವೂ ಇರಲಿಲ್ಲ. ಸುತಳಿಯನ್ನು ಎರಡು ಸುತ್ತು ಸುತ್ತಿ, ತುದಿಯನ್ನು ಒಳಗೆ ಮಡಚಿ, ಎಳೆದರೆ ಒಮ್ಮೆಲೆ ಬಿಚ್ಚುವ ಹಾಗೆ ಹಾಕಿದ ಗಂಟು. ಅದನ್ನು ಮೆಟ್ಟಿಲ ಮೇಲೆ ಕೂತು ಸಾವಿರ ಸಲ ನೋಡಿದವಳು ಆಕೆ.

ವಾಪಸು ಕಳಿಸುತ್ತೇನೆಂದು ಎದ್ದಳು. ಅವ್ವ ಬಿಡಲಿಲ್ಲ. ಹದಿನಾಲ್ಕು ವರ್ಷ ಗಂಡನನ್ನು ಹೊಸ್ತಿಲು ದಾಟಗೊಡದ ಆ ತಾಯಿ ಅಂದದ್ದಿಷ್ಟೆ: 'ಸುಮ್ನ ಬೀಸಾಕ ಹಾಕು. ಜ್ವಾಳಕ್ಕ ಯಾ ಸಿಟ್ಟು?'

ಆರು ತಿಂಗಳು ಹೀಗೆ ಚೀಲ ಬಂತು. 2021ರಲ್ಲಿ ಮತ್ತೆ ಕ್ಯಾಸಿನೋ ಮುಚ್ಚಿದಾಗಲೂ ಬಂತು. ಯಾರೂ ಯಾರಿಗೂ ಫೋನು ಮಾಡಲಿಲ್ಲ.

ಹನ್ನೊಂದನೆಯ ಪ್ಲಾಟ್‌ಫಾರ್ಮಿನ ಹತ್ತಿರ

2025ರ ಬೇಸಿಗೆಯಲ್ಲಿ ಅಪ್ಪನ ಖಾತೆಯ ಅಂಕಿಗಳು ಸಾಲು ಬಿಟ್ಟು ಇಳಿಯತೊಡಗಿದವು. ಎರಡೂ ಕಣ್ಣಿಗೆ ಪೊರೆ. ಮಾಲಕರು ಆಸ್ಪತ್ರೆಗೆ ಸೇರಿಸಿದರು, ಆಪರೇಶನ್ ಆಯಿತು, ಅಕ್ಷರ ಕಂಡವು. ಬಿಲ್ಲು 22 ಸಾವಿರ. ಸಂಬಳದಲ್ಲಿ ಮುರಿದುಕೊಳ್ಳಿ ಎಂದು ಅಪ್ಪ ಹೇಳಿದಾಗ ಮಾಲಕರು ತಡವರಿಸಿದರು. ಹದಿನಾರು ವರ್ಷ ಲೆಕ್ಕ ಬರೆದವರಿಗೆ ತಡವರಿಕೆ ಸಾಕು. ಕೊಟ್ಟವಳು ಮಗಳು. ಸಣ್ಣ ಮಗಳಿಂದ ಸುದ್ದಿ ತಿಳಿದು ನೇರ ಮಾಲಕರಿಗೆ ತಂದು ಕೊಟ್ಟಿದ್ದಳು.

ಮುಂದಿನ ಸೋಮವಾರ ಹತ್ತೂವರೆಗೆ ಬಸ್ಸು ಬಂದಾಗ ಅಪ್ಪ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಹೊಸ ಕಣ್ಣಿಗೆ ಕಪ್ಪು ಚಾಳೀಸು. ಮಗಳು ಇಳಿದು ಎದುರು ನಿಂತಳು. ಎಂಟು ವರ್ಷದ ಮೇಲಿನ ಮೊದಲ ಮಾತು: 'ಎಣಿಸ್ಕೊ. ಹದಿನೈದ ಐತಿ. ಉಳದ ಏಳು, ತಿಂಗಳಿಗೆ ಸಾವಿರದಂಗ.'

ಕೈ ಚಾಚಿ ಕೊಟ್ಟರೂ ಆಕೆ ಕೈಯೊಡ್ಡಲಿಲ್ಲ. ಸಿಟ್ಟಿನಿಂದ ಅಲ್ಲ, ರೂಢಿಯಿಂದ. ಅಪ್ಪ ಬೆಂಚಿನ ಮೇಲೆ ಇಟ್ಟರು. ಆಕೆ ಕೂತು ನೋಟುಗಳನ್ನು ಬೀಸಣಿಗೆಯಂತೆ ಹರಡಿ ಎಣಿಸಿದಳು. ಮುಗಿದ ಮೇಲೆ ತನಗೆ ಅರಿವಿಲ್ಲದೆ ಚಪ್ಪಾಳೆ ತಟ್ಟಿ ಅಂಗೈ ಎರಡೂ ಮೇಲೆ ಮಾಡಿದಳು.

'ಏನದು?' ಅಪ್ಪ ಕೇಳಿದರು.

'ಕೈಯಾಗ ಏನೂ ಮುಚ್ಚಿಟ್ಟಿಲ್ಲ ಅಂತ ತೋರ್ಸೂದು. ಕೆಲಸದಾಗ ಹಂಗ ಮಾಡಬೇಕಾಗತೈತಿ.'

ಅಪ್ಪ ಬಹಳ ಹೊತ್ತು ಆ ಕೈ ನೋಡಿದರಂತೆ. ಆಮೇಲೆ ಎದ್ದು ಅಂಗಡಿಗೆ ಹೋದರು.

ಅಂದಿನಿಂದ ತಿಂಗಳ ಮೊದಲ ಸೋಮವಾರ ಅಪ್ಪ ಬರುತ್ತಾರೆ. ಮಾಲಕರು ಒಂದು ತಾಸು ರಜೆ ಕೊಡುತ್ತಾರೆ. ಸಾವಿರ ಇಡುತ್ತಾರೆ, ಆಕೆ ಎಣಿಸುತ್ತಾಳೆ, ಅಪ್ಪ ಕಿಸೆಯ ಸಣ್ಣ ವಹಿಯಲ್ಲಿ ಬರೆದು ಆಕೆಯ ಸಹಿ ಹಾಕಿಸಿಕೊಳ್ಳುತ್ತಾರೆ. ಕೆಲಸ ಬಿಡು ಎಂದು ಅವರು ಅಂದಿಲ್ಲ. ಬಿಡುತ್ತೇನೆಂದು ಆಕೆಯೂ ಅಂದಿಲ್ಲ. ತಂಗಿಯ ಲಗ್ನದ ಸಾಲ ಇನ್ನೂ ಎರಡು ವರ್ಷ ಇದೆ. ಅವ್ವ ವಡಗಾವಿಯ ಬಾಗಿಲು ಇನ್ನೂ ತೆರೆದಿಲ್ಲ. 'ಕಟ್ಟಿ ತನಕಾ ಬರ್ಲಿ, ನೋಡೂಣು' ಎಂದಿದ್ದಾಳಂತೆ.

ಮೂರನೆಯ ತಿಂಗಳು ನಿಲ್ದಾಣದ ಕ್ಯಾಂಟೀನಿನಲ್ಲಿ ಚಹಾ ಆಯಿತು. ಯಾರು ಕೊಡುವುದೆಂದು ಅರ್ಧ ನಿಮಿಷ ತಕರಾರು ನಡೆದು, ಅವರವರ ಚಹಾದ ರೊಕ್ಕ ಅವರವರು ಕೊಟ್ಟರು. ಮಗಳಿಗೆ ಕೊಟ್ಟ ಚಿಲ್ಲರೆಯಲ್ಲಿ ಹುಡುಗ ಎರಡು ರೂಪಾಯಿ ಕಡಿಮೆ ಹಾಕಿದ್ದನ್ನು ಇಬ್ಬರೂ ಏಕಕಾಲಕ್ಕೆ ಹಿಡಿದರು.

ಲೆಕ್ಕದ ಪ್ರಕಾರ ಇನ್ನು ಎರಡೇ ಕಂತು ಉಳಿದಿದ್ದವು. ಕಳೆದ ಸಲ ಅಪ್ಪ ಬೆಂಚಿನ ಮೇಲೆ ಇಟ್ಟದ್ದು ಐದುನೂರರ ಒಂದೇ ನೋಟು.

'ಈ ತಿಂಗಳಾ ಅರ್ಧಾ ತೊಗೊ. ಮುಂದೂ ಹಂಗ ಕೊಡ್ತೀನಿ' ಎಂದರು.

ಸಂಬಳ ಕಡಿಮೆಯಾಗಿಲ್ಲ. ರೊಕ್ಕದ ಅಡಚಣೆ ಇದೆಯೇ ಎಂದು ಆಕೆ ಕೇಳಲಿಲ್ಲ. ನೋಟನ್ನು ನೋಡಿ, ವಹಿಯಲ್ಲಿ ಐದುನೂರಕ್ಕೆ ಸಹಿ ಹಾಕಿ, ಇಬ್ಬರಿಗೂ ಚಹಾ ಹೇಳಿದಳು.